ಕೂಗುಬಂಡೆಯ ಮುಂದೆ ಹೆಸರು ಕೂಗುವುದೇಕೆ

ಶ್ರೀ ಕೂಗುಬಂಡೆಯಮ್ಮನ ಸನ್ನಿಧಿಯ ನಂದಾದೀಪಕ್ಕೆ ಎಣ್ಣೆ ಒದಗಿಸುವ ಸೇವೆ ತಲೆತಲಾಂತರದಿಂದ ನಮ್ಮ ಗಾಣದ ಮನೆತನದ್ದು. ನನ್ನ ಮಾವನವರು ಶಾಲಾ ತನಿಖಾಧಿಕಾರಿಗಳಾಗಿದ್ದರು. ನಮ್ಮ ಮನೆಯವರ ಮೇಲೆ ಇದುವರೆಗೆ ಒಂದು ದೂರೂ ಬಂದದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಾಲು ತಪ್ಪಿಸಿ ನುಗ್ಗುವವರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ಕಟ್ಟಳೆ ಮುರಿದ ಕಥೆಯನ್ನು ನನ್ನಂಥವಳು ಬರೆಯುತ್ತಿದ್ದಾಳೆಂಬುದನ್ನು ಭಕ್ತರು ಗಮನಿಸಬೇಕು.

ಪೂರ್ವಕಾಲದಲ್ಲಿ ಈ ಬೆಟ್ಟದ ಕೋಟೆಯನ್ನು ಆಳುತ್ತಿದ್ದ ಸರ್ಜಪ್ಪ ನಾಯಕನು ಪುತ್ರಸಂತಾನವಿಲ್ಲದ ಕೊರಗಿನಲ್ಲಿ, ತನಗೆ ಗಂಡುಮಗು ಹುಟ್ಟಿ ನಾಮಕರಣವಾಗುವವರೆಗೆ ಸೀಮೆಯ ಯಾವ ಮನೆಯಲ್ಲೂ ಮಗುವಿಗೆ ಹೆಸರಿಡಕೂಡದೆಂದು ಡಂಗುರ ಹೊಡೆಸಿದನು. ವರ್ಷಗಳು ಕಳೆದವು. ಊರಿನ ಹೆಣ್ಣುಮಕ್ಕಳೆಲ್ಲ ಪುಟ್ಟಿಯರಾದರು, ಗಂಡುಮಕ್ಕಳೆಲ್ಲ ಪುಟ್ಟರಾದರು. ಒಬ್ಬ ತಾಯಿ ಊಟಕ್ಕೆ ಕರೆದರೆ ಇಡೀ ಬೀದಿಯೇ ಎಲೆಯ ಮುಂದೆ ಬಂದು ಕೂರುತ್ತಿತ್ತು.

ನಮ್ಮ ಮನೆತನದ ಮೂಲಮಾತೆ ಗಾಣದ ಹೊನ್ನವ್ವ ಮಾತ್ರ ಮಗಳ ತಲೆಗೆ ಎಣ್ಣೆ ಹಚ್ಚುವಾಗ ಅವಳ ಕಿವಿಯಲ್ಲಿ ‘ಸಂಪಿಗೆ’ ಎಂದು ಪಿಸುಗುಟ್ಟುತ್ತಿದ್ದಳು.

ಒಂದು ಸಂಜೆ ಕಾರೆಹಣ್ಣಿಗೆಂದು ಬೆಟ್ಟ ಹತ್ತಿದ ಮಕ್ಕಳಲ್ಲಿ ಹೊನ್ನವ್ವನ ಮಗಳೊಬ್ಬಳು ಮಾತ್ರ ಮರಳಲಿಲ್ಲ. ಕರಡಿಗಳು ಹೊರಬರುವ ಹೊತ್ತಾಗಿತ್ತು. ಊರವರು ಬಂಡೆಗಳ ನಡುವೆ “ಪುಟ್ಟೀ” ಎಂದು ಕೂಗಿದರು. ಕೆಳಗಿನ ಕೇರಿಯ ಪುಟ್ಟಿಯರೆಲ್ಲ “ಓ” ಎಂದರು. ಸಂದಿಯಲ್ಲಿ ಕೂತಿದ್ದ ಮಗು ಮಾತ್ರ, ಬೇರೆ ಯಾರದೋ ತಾಯಿ ಕರೆಯುತ್ತಿದ್ದಾಳೆಂದು ಹಣ್ಣು ತಿನ್ನುತ್ತಲೇ ಇತ್ತು.

ಹೊನ್ನವ್ವ ಬಾಯಿ ತೆರೆದಾಗ ಕೋಟೆಯ ಕಾವಲಿನ ಹನುಮ ತಡೆದನು. “ಅಕ್ಕಾ, ಬೇಡ. ಕೂಗಿದರೆ ನಾಳೆ ನಿನ್ನ ಗಾಣ ಕೀಳಿಸುತ್ತಾರೆ.”

“ಕೀಳಿಸಲಿ. ಮಗಳೇ ಇಲ್ಲದ ಮೇಲೆ ಗಾಣ ತಿರುಗಿಸಿ ಯಾರ ತಲೆಗೆ ಹಚ್ಚಲಿ?” ಎಂದವಳೇ ಕೊರಳೆತ್ತಿ ‘ಸಂಪಿಗೇ’ ಎಂದು ಕೂಗಿದಳು. ಹೆಬ್ಬಂಡೆ ಆ ಹೆಸರನ್ನು ಹಿಡಿದು ಬೆಟ್ಟದ ತುಂಬ ಎಸೆಯಿತು. “ಓ, ಅವ್ವಾ” ಎಂದು ಬಾಯೆಲ್ಲ ಬಣ್ಣ ಮಾಡಿಕೊಂಡ ಹುಡುಗಿ ಹೊರಬಂದಳು.

ಕೂಗು ಕೋಟೆಗೂ ಕೇಳಿತ್ತು. ನಾಯಕನೇ ಇಳಿದುಬಂದನು.

“ನನ್ನ ಕಟ್ಟಳೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು, ದೊರೆಗಳೇ. ಸಂಜೆ ಊರಬಾಗಿಲು ಹಾಕಿರೆಂದಿರಿ, ಹಾಕಿದ್ದೇವೆ. ಕೆರೆಗೆ ಕಲ್ಲು ಹೊರಿರೆಂದಿರಿ, ಹೊತ್ತಿದ್ದೇವೆ. ಅವು ಎಲ್ಲರಿಗೂ ಬೇಕಾದವು. ಇದು ನಿಮ್ಮ ದುಃಖವನ್ನು ನಮ್ಮ ಮಕ್ಕಳ ತಲೆಗೆ ಕಟ್ಟಿದ್ದು, ಇದನ್ನು ನಡೆಸಲಾರೆ. ದಂಡನೆ ಕೊಡಿ, ಓಡಿಹೋಗುವುದಿಲ್ಲ. ಆದರೆ ಕೂಗಿದ ಹೆಸರನ್ನು ಹಿಂದಕ್ಕೆ ನುಂಗುವುದಿಲ್ಲ.”

ಅಷ್ಟರಲ್ಲಿ ಕುಂಬಾರಗಿತ್ತಿಯೊಬ್ಬಳು ಮುಂದೆ ಬಂದು ತನ್ನ ಮಗನ ಹೆಸರು ಕೂಗಿದಳು. ಬಳಿಕ ಇನ್ನೊಬ್ಬಳು. ಬಳಿಕ ಕಾವಲಿನ ಹನುಮನೇ ಈಟಿ ಕೆಳಗಿಟ್ಟು ತನ್ನ ಮೂವರದನ್ನೂ ಕೂಗಿದನು. ಕಡೆಗೆ ಕೋಟೆಯ ಮೇಲಿಂದ ನಾಯಕನ ಮಡದಿ, ಇದೇ ಕಟ್ಟಳೆಯಿಂದ ಹೆಸರಿಲ್ಲದೆ ಬೆಳೆಯುತ್ತಿದ್ದ ತನ್ನ ಮಗಳನ್ನು ಎತ್ತಿ ಹಿಡಿದು ‘ಚೆಲುವಾಂಬೆ’ ಎಂದಳು.

ಆಗ ಬಂಡೆಯೊಳಗಿಂದ ದೇವಿಯ ವಾಣಿಯಾಯಿತು: “ಮಗುವನ್ನು ಕಳುಹಿಸುವವಳು ನಾನು, ಕರೆಯುವವಳು ತಾಯಿ. ನಡುವೆ ನಿಲ್ಲುವ ಕಟ್ಟಳೆ ನನಗೆ ಸಲ್ಲದು. ನಾನು ಈ ಕೂಗಿನಲ್ಲೇ ನೆಲೆಸುವೆನು.”

ನಾಯಕನು ನಾಚಿ ಮಗಳನ್ನು ತರಿಸಿಕೊಂಡು ಅವಳ ಕಿವಿಯಲ್ಲಿ ಹೆಸರು ಹೇಳಲು ಬಾಗಿದನು. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಅಂದು ಸೋದರತ್ತೆ ಇರಲಿಲ್ಲ. ಬಾಗಿದ ಬೆನ್ನು ಸರ್ಜಪ್ಪ ನಾಯಕನದು. ಹೆಂಗಸರು ಕೈತುಂಬ ಗುದ್ದಿದರು. ಮೊದಲ ಗುದ್ದು ಹೊನ್ನವ್ವನದು.

ಅಂದಿನಿಂದ ಇಂದಿನವರೆಗೆ ಶ್ರಾವಣದಲ್ಲಿ ಭಕ್ತರು ಮಕ್ಕಳನ್ನು ಇಲ್ಲಿಗೆ ತಂದು ಹೆಸರು ಕೂಗುತ್ತಾರೆ. ಬಂಡೆ ಇಂದಿಗೂ ಮರುದನಿಗೊಡುತ್ತದೆ.

ಈ ಸಲ ದೇವಸ್ಥಾನದ ಸಮಿತಿಯವರು ಅದೇ ಬಂಡೆಗೆ ‘ಕೂಗುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕ ತೂಗುಹಾಕಿದ್ದಾರೆ. ನಾನು ಮೊಮ್ಮಗಳೊಂದಿಗೆ ನಿಂತು ಅವಳ ಹೆಸರು ಕೂಗಿದಾಗ ಕಾರ್ಯದರ್ಶಿಗಳು, “ಏನಮ್ಮಾ, ಬೋರ್ಡು ಓದೋಕೆ ಬರಲ್ವಾ?” ಎಂದರು. ಬರುತ್ತದೆ. ಓದಿದ ಮೇಲೆಯೇ ಕೂಗಿದೆನು. ಅವರು ನಮ್ಮಿಬ್ಬರನ್ನೂ ಹೊರಗೆ ಕಳುಹಿಸಿದರು.

ಆ ಫಲಕವನ್ನು ತೆಗೆಯಬೇಕು. ಕಾರ್ಯದರ್ಶಿಗಳು ಬಂಡೆಯ ಮುಂದೆ ನಿಂತು, ನನ್ನ ಮೊಮ್ಮಗಳು ಇಂಚರಳನ್ನು ಹೆಸರು ಹಿಡಿದು ಕರೆದು, ಮರುದನಿ ಬರುವಷ್ಟು ಗಟ್ಟಿಯಾಗಿ ಕ್ಷಮೆ ಕೇಳಬೇಕು.