ಎರಡು ಸುಳಿಯವರ ಸಂಘ

ನೆತ್ತಿಯ ಮೇಲೆ ಎರಡು ಸುಳಿ ಇದ್ದವರೆಲ್ಲ ಸೇರಿ ಊರಲ್ಲಿ ಒಂದು ಸಂಘ ಕಟ್ಟಿದರು. ಶಾಲು ಬಂತು, ಬ್ಯಾನರ್ ಬಂತು, ಜಂಬ ತಾನಾಗೇ ಬಂತು. ಒಂದು ಭಾನುವಾರ ಸಂಘದ ಅಧ್ಯಕ್ಷ ಗುರುಪಾದಪ್ಪ, ಮುದುಕ ಮುನಿಶಾಮಪ್ಪನ ಕಟಿಂಗ್ ಶಾಪಿಗೆ ನುಗ್ಗಿದ.

"ಇನ್ಮೇಲೆ ಕಟಿಂಗ್ ಮೊದಲು ನಮ್ಮೋರಿಗೆ. ಒಂಟಿ ಸುಳಿಯೋರು ಕಾಯ್ಲಿ. ಇಲ್ಲಾಂದ್ರೆ ಅಂಗಡಿಗೆ ಬೀಗ ಜಡಿಸ್ತೀನಿ!"

ಮುನಿಶಾಮಪ್ಪನ ಕತ್ತರಿ ನಿಲ್ಲಲಿಲ್ಲ. "ಆಗ್ಲಿ ಸ್ವಾಮಿ. ನಿಮ್ಮ ಸುಳಿ ನೀವು ನೋಡಿದ್ದೀರಾ?"

"ನನ್ನ ನೆತ್ತಿ ನನಗೆಲ್ಲಿ ಕಾಣುತ್ತೆ? ಚಿಕ್ಕಂದಿನಲ್ಲಿ ನೀನೇ ಹೇಳಿದ್ದಲ್ವಾ, ಎರಡು ಸುಳಿ, ರಾಜಯೋಗ ಅಂತ!"

"ಹೌದು. ಕಟಿಂಗ್ ಅಂದ್ರೆ ಅಳೋ ಮಕ್ಕಳಿಗೆಲ್ಲ ಹಂಗೆ ಹೇಳೇ ಕೂರಿಸ್ತಿದ್ದೆ."

ಗುರುಪಾದಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. "ಸಂಘದಲ್ಲಿ ಇನ್ನೂರು ಜನ ಇದ್ದಾರಲ್ಲಯ್ಯಾ!"

"ಇನ್ನೂರು ಜನಾನೂ ಅತ್ತಿದ್ರು ಸ್ವಾಮಿ. ಎಲ್ಲರಿಗಿಂತ ಜೋರಾಗಿ ಅತ್ತೋರು ನೀವು, ಅದಕ್ಕೇ ಅಧ್ಯಕ್ಷರಾದ್ರಿ."