ಎರಡನೆಯ ಬ್ಯಾಟರಿ

ವಿಮಾನವೆಂದರೆ ಜಗತ್ತಿಗೇ ಹೊಸದಾಗಿದ್ದ ಕಾಲ. ಹೊಳೆದಂಡೆಯ ಬಯಲಿನಲ್ಲಿ ತೋಂಟಪ್ಪ ಗುರುಗಳು ಒಂದು ವಿಮಾನ ಕಟ್ಟುತ್ತಿದ್ದರು. ಎಂಜಿನ್ನಿಗೆ ಕಿಡಿ ಹೊತ್ತಿಸುವ ಕೆಲಸ ಶಿಷ್ಯ ಕಲ್ಲೇಶಿಯದು. ಕಿಡಿ ನಿಂತರೆ ಎಂಜಿನ್ ನಿಂತಂತೆ. ಅದು ಆಕಾಶದಲ್ಲಿ ನಿಂತರಂತೂ ಕೇಳುವುದೇ ಬೇಡ.

ಆರು ತಿಂಗಳು ಊಟ ನಿದ್ದೆ ಬಿಟ್ಟು ದುಡಿದ ಕಲ್ಲೇಶಿ ಒಂದು ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಬಂದ.

"ಗುರುಗಳೇ, ಒಂದೊಂದು ಸಿಲಿಂಡರಿಗೂ ಕಿಡಿ ಹಾರಿಸೋ ಪ್ಲಗ್ ಎರಡೆರಡು ಹಾಕಿದೀನಿ. ಕಾಯಿಲ್ ಎರಡು, ತಂತಿ ಎರಡು ಸಾಲು. ಒಂದು ಕೆಟ್ರೆ ಇನ್ನೊಂದು ಕಿಡಿ ಕೊಡುತ್ತೆ."

"ಭೇಷ್. ಬ್ಯಾಟರಿ?"

"ಒಂದೇ."

ಗುರುಗಳು ಕಲ್ಲೇಶಿಯಿಂದಲೇ ಪಂಖ ತಿರುಗಿಸಿ ಎಂಜಿನ್ ಶುರುಮಾಡಿಸಿದರು. ಅದು ಚೆನ್ನಾಗಿ ಗುಡುಗುತ್ತಿದ್ದಾಗ ಬ್ಯಾಟರಿಯ ಒಂದು ತಂತಿಯನ್ನು ಎಳೆದುಬಿಟ್ಟರು.

ಎಂಜಿನ್ ಸತ್ತಿತು. ಹೊಳೆಯ ಸದ್ದಷ್ಟೇ ಉಳಿಯಿತು.

"ಹಗ್ಗ ಎರಡು ಕಟ್ಟಿದೀಯ. ಗೂಟ ಒಂದೇ."

"ಇನ್ನೊಂದು ಬ್ಯಾಟರಿ ಇಟ್ರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಗುರುಗಳೇ. ಇಬ್ಬರನ್ನ ಹೊತ್ತು ಮೇಲಕ್ಕೇಳಲ್ಲ."

"ಯಾವ ಇಬ್ಬರು?"

ಕಲ್ಲೇಶಿ ತಲೆ ತಗ್ಗಿಸಿದ. ಗುರುಗಳ ಆಸನದ ಹಿಂದೆ ಇನ್ನೊಂದು ಬೆತ್ತದ ಆಸನವಿತ್ತು. ಯಾರೂ ಹೇಳದೆ ಅವನೇ ಹೆಣೆದು ಕೂರಿಸಿದ್ದು.

"ಮೇಲಿಂದ ಒಂದ್ಸಲ ನಮ್ಮೂರು ನೋಡಬೇಕು ಅಂತ ಆಸೆ," ಎಂದ.

ಬೈಗುಳ ಬರುತ್ತದೆಂದು ಕಾದ. ಬರಲಿಲ್ಲ.

"ನಾಳೆ ಬೆಳಿಗ್ಗೆ ಹಾರ್ತೀನಿ. ನೀನು ಹೆಂಗೆ ಕೊಡ್ತೀಯೋ ಹಂಗೆ," ಎಂದು ಹೇಳಿ ಗುರುಗಳು ಹೆಗಲ ಮೇಲೆ ಪಂಚೆ ಹಾಕಿಕೊಂಡು ಸ್ನಾನಕ್ಕೆ ಹೊರಟರು.

ಕಲ್ಲೇಶಿಗೆ ಸಿಟ್ಟು ಬಂತು. ಬೈದಿದ್ದರೆ ಮುನಿಸಿಕೊಂಡಾದರೂ ಇರಬಹುದಿತ್ತು. ಬೆತ್ತದ ಆಸನದಲ್ಲಿ ಹೋಗಿ ಕುಳಿತ, ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಎದುರಿಗೆ ಗುರುಗಳು ಕೂರುವ ಜಾಗ ಖಾಲಿಯಿತ್ತು. ಅದನ್ನೇ ನೋಡುತ್ತ ನೋಡುತ್ತ, ಆಕಾಶದಲ್ಲಿ ಕಿಡಿ ನಿಂತರೆ ಅಲ್ಲಿ ಕೂತವರ ಗತಿಯೇನು ಎನ್ನಿಸಿತು. ಹೊತ್ತು ಇಳಿಯುವ ಮೊದಲು ಎದ್ದು, ಅಳುತ್ತಲೇ ಆಸನದ ಮೊಳೆ ಕಿತ್ತ.

ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ಎರಡನೆಯ ಬ್ಯಾಟರಿ ಕುಳಿತಿತ್ತು. ಒಂದೊಂದು ಕಾಯಿಲ್‌ಗೂ ಅದರದೇ ಬ್ಯಾಟರಿ.

ಎಂಜಿನ್ ಶುರುವಾಯಿತು. ಆಸನದಲ್ಲಿ ಕೂತ ಗುರುಗಳು ಕೈ ಹಿಂದೆ ಚಾಚಿ ಒಂದು ಬ್ಯಾಟರಿಯ ತಂತಿ ಎಳೆದರು. ಎಂಜಿನ್ ಕೊಂಚ ಕೆಮ್ಮಿ, ಓಡುತ್ತಲೇ ಇತ್ತು. ತಂತಿಯನ್ನು ಮತ್ತೆ ಸಿಕ್ಕಿಸಿ, ರುಮಾಲನ್ನು ಕಿವಿ ಮುಚ್ಚುವಂತೆ ಬಿಗಿದುಕೊಂಡರು.

ಕಲ್ಲೇಶಿ ಹತ್ತಿರ ಓಡಿಬಂದು ಕೂಗಿದ: "ಹುಷಾರು ಗುರುಗಳೇ! ಒಬ್ಬರೇ ಹೋಗ್ತಿದೀರಿ."

ಗುರುಗಳು ಬೆನ್ನ ಹಿಂದಿನ ಬ್ಯಾಟರಿಯ ಮೇಲೆ ಕೈಯಿಟ್ಟು ಅವನ ಕಿವಿಯ ಹತ್ತಿರ ಬಾಗಿದರು.

"ನೀನು ಹಿಂದೆ ಕೂತಿದ್ದಿದ್ರೆ ಒಬ್ಬನೇ ಹೋಗ್ತಿದ್ದೆ, ಮಗಾ."