ಬೇವಿನ ಮರದ ಕಂಬಿ ಮತ್ತು ಹುಲಿಗೆಮ್ಮನ ಸೈಕಲ್ಲು

ಹೈಸ್ಕೂಲಿನ ಬೇವಿನ ಮರಕ್ಕೆ ಗಂಟೆಯೆಂದು ತೂಗುಹಾಕಿದ್ದ ರೈಲು ಕಂಬಿಯ ತುಂಡು, ಕೆಳಗೆ ಸಾಲಾಗಿ ನಿಂತಿದ್ದ ಹೊಸ ಸೈಕಲ್ಲುಗಳಲ್ಲಿ ಒಂದನ್ನು ಕೇಳಿತು: "ಜೂನ್‌ನಿಂದ ಇಲ್ಲೇ ನಿಂತಿದ್ದೀಯಲ್ಲ, ಯಾರಿಗಾಗಿ ಬಂದೆ?"

"ಎಂಟನೇ ತರಗತಿಯ ಹುಲಿಗೆಮ್ಮನಿಗಾಗಿ. ಆಕೆಯ ಊರು ಐದು ಮೈಲಿ ದೂರವೆಂದು ಸರ್ಕಾರ ನನ್ನನ್ನು ಕಳಿಸಿದೆ" ಎಂದು ಸೈಕಲ್ಲು ಹೆಮ್ಮೆಯಿಂದ ನುಡಿಯಿತು. "ಆದರೆ ಶಾಸಕರು ಬಂದು ರಿಬ್ಬನ್ ಕತ್ತರಿಸುವ ತನಕ ಯಾರೂ ನನ್ನನ್ನು ಮುಟ್ಟುವಂತಿಲ್ಲ. ಅವರ ತಾರೀಖು ಇನ್ನೂ ಸಿಕ್ಕಿಲ್ಲ."

ಕಂಬಿ ನಿಟ್ಟುಸಿರಿಟ್ಟಿತು. "ಆಕೆಯ ತಾಯಿ ಓದುವಾಗ ಜವಾನ ಹೊನ್ನೂರಪ್ಪ ನನ್ನನ್ನು ಬಾರಿಸುತ್ತಿದ್ದ. ಹತ್ತು ಗಂಟೆಯಾದರೂ ಸುತ್ತಿಗೆ ಎತ್ತುತ್ತಿರಲಿಲ್ಲ. ಹೆಡ್‌ಮಾಸ್ತರು ರೇಗಿದರೆ, 'ಸ್ವಲ್ಪ ತಡೀರಿ ಸರ, ಕಾಲುವೆ ದಂಡಿ ಮ್ಯಾಲ ಹುಡುಗೇರ ತಲಿ ಕಾಣಾಕತ್ತಾವ' ಅನ್ನುತ್ತಿದ್ದ. ಕೊನೆಯವಳು ಗೇಟು ದಾಟಿದ ಮೇಲೇ ನನಗೆ ಪೆಟ್ಟು. ಆ ಪೆಟ್ಟಿನ ಹಿತ ಈಗಿಲ್ಲ."

"ಅದು ನಿಯಮಕ್ಕೆ ವಿರುದ್ಧ."

"ವಿರುದ್ಧವೇ. ಆದರೆ ಆಗ ಒಬ್ಬಳೂ ಶಾಲೆ ಬಿಡಲಿಲ್ಲ."

ದೀಪಾವಳಿ ಕಳೆದ ಮೇಲೆ ಶಾಸಕರು ಬಂದರು, ರಿಬ್ಬನ್ ಕತ್ತರಿಸಿದರು. ಹೆಡ್‌ಮಾಸ್ತರು ಹುಲಿಗೆಮ್ಮನ ಹೆಸರನ್ನು ಮೂರು ಸಲ ಕೂಗಿದರು.

"ದಿನಾ ನಡದು ಸಾಕಾಗಿ, ದಸರಾ ರಜಾ ಆದಮ್ಯಾಲ ಆಕಿ ಸಾಲಿ ಬಿಟ್ಟಾಳ್ರೀ ಸರ" ಎಂದಳು ಗೆಳತಿ.

ಮರುದಿನ ಬೆಳಿಗ್ಗೆ, ಒಂಟಿಯಾಗಿ ಉಳಿದಿದ್ದ ಸೈಕಲ್ಲು ಮೆಲ್ಲಗೆ ಕೇಳಿತು: "ನೀನು ಎತ್ತರದಲ್ಲಿದ್ದೀಯ. ದಂಡೆಯ ಮೇಲೆ ಯಾರ ತಲೆಯಾದರೂ ಕಾಣುತ್ತಿದೆಯೇ?"

"ಸ್ವಲ್ಪ ತಡಿ, ನೋಡುತ್ತೇನೆ" ಎಂದಿತು ಕಂಬಿ.

ಅಷ್ಟರಲ್ಲಿ ಹೊಸ ಜವಾನ ಬಂದು, ಗಡಿಯಾರ ನೋಡಿ, ಸರಿಯಾಗಿ ಹತ್ತಕ್ಕೆ ಗಂಟೆ ಬಾರಿಸಿದ.